ತಾಡಪತ್ರಿ ಎಷ್ಟು ಮಳೆಗಾಲ?

ಮೇ ಮುಗಿಯುವ ಹೊತ್ತಿಗೆ ಮುಂಬೈ ಸೀಮೆಯ ಡೊಂಬಿವಲಿ, ಮುಲುಂಡ್, ಕುರ್ಲಾ ಕಡೆಯ ಹಳೆಯ ಕಟ್ಟಡಗಳ ತಾರಸಿಗಳು ನೀಲಿಯಾಗುತ್ತವೆ. ಸೊಸೈಟಿಯವರು ಬಿದಿರು ಕಟ್ಟಿ, ತಾಡಪತ್ರಿ (ಟಾರ್ಪಾಲಿನ್) ಎಳೆದು, ಅಂಚಿಗೆ ಇಟ್ಟಿಗೆ ಹೇರಿ ಜೂನಿಗೆ ಅಣಿಯಾಗುತ್ತಾರೆ. ಸುರಿಯುವ ಮಳೆಯಲ್ಲಿ ಸ್ಲ್ಯಾಬ್ ರಿಪೇರಿ ಯಾರಿಂದಲೂ ಆಗದು. ಆಗ ತಾಡಪತ್ರಿ ಹೊದಿಸುವುದೇ ಬುದ್ಧಿವಂತಿಕೆ. ತಕರಾರು ಇರುವುದು ಅಕ್ಟೋಬರಿನಲ್ಲಿ. ಬಿಸಿಲು ಬಂದು ತಿಂಗಳಾದರೂ ಅದನ್ನು ಎತ್ತಿ ಕೆಳಗೇನಾಗಿದೆ ಎಂದು ನೋಡುವವರಿಲ್ಲ. ಹಾಗೇ ನಾಲ್ಕು ಮಳೆಗಾಲ ಕಳೆದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕೊನೆಯ ಮಹಡಿಯವರ ಸೂರಿನ ಗಾರೆ ಹಾಸಿಗೆಯ ಮೇಲೆ ಬೀಳುತ್ತದೆ.

ತಡೆಯಲಾಗದ ಭಾವನೆ ಬಂದಾಗ ಮನಸ್ಸು ಮಾಡುವುದೂ ಇದನ್ನೇ. ಮನಶ್ಶಾಸ್ತ್ರ ಇದಕ್ಕೆ ರಕ್ಷಣಾ ತಂತ್ರ ಎಂದು ಹೆಸರಿಟ್ಟಿದೆ. ಸಾಮಾಜಿಕ ಜಾಲತಾಣಗಳ ದಯೆಯಿಂದ ಈಗ ಎಲ್ಲರೂ ಎಲ್ಲರಿಗೂ 'ನೀನು ಡಿನಯಲ್‌ನಲ್ಲಿದ್ದೀಯ' (ನಿಜವನ್ನು ನಿರಾಕರಿಸುತ್ತಿದ್ದೀಯ) ಎಂದು ಹೇಳುವಂತಾಗಿದೆ, ಬೈಗುಳದ ಹಾಗೆ. ಆದರೆ ತಂತ್ರದ ಹೆಸರು ಗೊತ್ತಾದ ಮಾತ್ರಕ್ಕೆ ಅದು ಕೆಟ್ಟದ್ದು ಎಂದು ತೀರ್ಮಾನಿಸಲಾಗದು. ಎಷ್ಟು ದಿನದಿಂದ ಹೊದಿಸಿದೆ, ಬೇಕೆಂದಾಗ ತೆಗೆಯಲು ಬರುತ್ತದೆಯೇ, ಅದರ ಖರ್ಚನ್ನು ಯಾರು ತೆರುತ್ತಿದ್ದಾರೆ ಎಂಬ ಮೂರು ಸಂಗತಿ ತಿಳಿಯದೆ ಏನನ್ನೂ ಹೇಳಲಾಗದು.

ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ 1894ರಲ್ಲೇ ಒಂದು ಪ್ರಬಂಧದಲ್ಲಿ 'ರಕ್ಷಣೆ' ಎಂಬ ಪದವನ್ನು ಈ ಅರ್ಥದಲ್ಲಿ ಬಳಸಿದ್ದ. ಬಿಡಿಬಿಡಿಯಾಗಿದ್ದ ತಂತ್ರಗಳನ್ನು ಒಂದೆಡೆ ಪಟ್ಟಿ ಮಾಡಿ ವಿವರಿಸಿದ್ದು ಆತನ ಮಗಳು ಆನಾ ಫ್ರಾಯ್ಡ್, 1936ರಲ್ಲಿ. ನಮ್ಮ ದೇಶಕ್ಕೂ ಇದು ಹೊಸತೇನಲ್ಲ. ಕೋಲ್ಕತ್ತಾದಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿ, ಫ್ರಾಯ್ಡ್ ಜತೆ ಪತ್ರವ್ಯವಹಾರದಲ್ಲೇ ವಾದ ಮಾಡುತ್ತಿದ್ದರು. ಮುಂದೆ ಅಮೆರಿಕದ ಮನೋವೈದ್ಯ ಜಾರ್ಜ್ ವೈಲಂಟ್, 1938ರಲ್ಲಿ ಶುರುವಾದ ಹಾರ್ವರ್ಡ್ ಅಧ್ಯಯನದ 268 ವಿದ್ಯಾರ್ಥಿಗಳ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದ ದಾಖಲೆಗಳಿಂದ, ತಂತ್ರಗಳಿಗೆ ಮೆಟ್ಟಿಲು ಕಟ್ಟಿದ. ತೀರಾ ಕೆಳಗೆ ವಾಸ್ತವವನ್ನೇ ಅಲ್ಲಗಳೆಯುವಂಥವು. ಅದರ ಮೇಲೆ, ತನ್ನ ದೋಷವನ್ನು ಇನ್ನೊಬ್ಬರಲ್ಲಿ ಕಾಣುವ ಆರೋಪಣೆಯಂಥ ಅಪಕ್ವ ತಂತ್ರಗಳು. ಮೂರನೆಯದು ಅರಿವಿಲ್ಲದೆಯೇ ಮರೆತುಬಿಡುವ ದಮನ, ಒಬ್ಬರ ಮೇಲಿನ ಸಿಟ್ಟನ್ನು ಇನ್ನೊಬ್ಬರ ಮೇಲೆ ತೀರಿಸುವ ಸ್ಥಾನಪಲ್ಲಟದಂಥವು. ಮೇಲಿನದರಲ್ಲಿ ಹಾಸ್ಯ, ಪರೋಪಕಾರ, ಉದಾತ್ತೀಕರಣ (ಒಪ್ಪಲಾಗದ ಬಯಕೆಯನ್ನು ಒಳ್ಳೆಯ ಕೆಲಸಕ್ಕೆ ತಿರುಗಿಸುವುದು), ಮುಂದಾಲೋಚನೆ, ತಿಳಿದೇ ಬದಿಗಿಡುವುದು. ಆ ಅಧ್ಯಯನದಲ್ಲಿ ಇದ್ದವರೆಲ್ಲ ಗಂಡಸರು, ಒಂದೇ ಶ್ರೀಮಂತ ಕಾಲೇಜಿನವರು ಎಂಬುದನ್ನು ಮರೆಯಬಾರದು. ಆದರೂ ಮೆಟ್ಟಿಲ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಒಂದು ವ್ಯತ್ಯಾಸವನ್ನು ಮೊದಲೇ ಹೇಳಿಬಿಡಬೇಕು. ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ ಹುಡುಗ ಊರಿಗೆ ಫೋನ್ ಮಾಡಿ, 'ಇಲ್ಲಿ ಏನೂ ತೊಂದರೆ ಇಲ್ಲ ಅಮ್ಮ, ಊಟ ಎಲ್ಲ ಫಸ್ಟ್ ಕ್ಲಾಸ್' ಎಂದರೆ ಅದು ರಕ್ಷಣಾ ತಂತ್ರವಲ್ಲ, ಅಮ್ಮನಿಗಾಗಿ ಹೇಳಿದ ಸುಳ್ಳು. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಗೊತ್ತು. ಫೋನ್ ಇಟ್ಟ ಮೇಲೆ ಗಂಟಲು ಕಟ್ಟುತ್ತದೆ. ಅದೇ ಹುಡುಗ ಎಂಟು ವರ್ಷದ ಮೇಲೆ ಮಾಣಿಗಳ ಮೇಲಿನ ಕ್ಯಾಪ್ಟನ್ ಆಗಿ, ಹೊಸ ಮಾಣಿಯನ್ನು ಗಿರಾಕಿಗಳ ಎದುರೇ ಜಾಡಿಸಿ, 'ನಮ್ಮನ್ನೂ ಹೀಗೇ ಬೈದದ್ದು, ಅದಕ್ಕೇ ಮನುಷ್ಯರಾದೆವು' ಎಂದಾಗ ತಂತ್ರ ಕೆಲಸ ಮಾಡುತ್ತಿದೆ. ಆನಾ ಫ್ರಾಯ್ಡ್ ಇದನ್ನು ಆಕ್ರಮಣಕಾರನೊಂದಿಗೆ ಗುರುತಿಸಿಕೊಳ್ಳುವುದು ಎಂದಳು. ಹೊಡೆತ ತಿಂದವನ ಸ್ಥಾನದಲ್ಲಿ ಉಳಿಯಲಾರದೆ ಮನಸ್ಸು ಹೊಡೆಯುವವನ ಸ್ಥಾನಕ್ಕೆ ಹಾರುತ್ತದೆ. ಹಾರಿದ್ದು ಅವನಿಗೇ ತಿಳಿದಿರುವುದಿಲ್ಲ. ಕೇಳಿದರೆ ಶಿಸ್ತು ಎನ್ನುತ್ತಾನೆ, ಪ್ರಾಮಾಣಿಕವಾಗಿಯೇ.

ನಮ್ಮ ಗಾದೆಗಳು ಈ ವಿಷಯದಲ್ಲಿ ವಿಯೆನ್ನಾಕ್ಕೆ ಕಾದು ಕೂತಿರಲಿಲ್ಲ. ತಾನು ಕಳ್ಳ ಪರರ ನಂಬ ಎನ್ನುವುದು ಆರೋಪಣೆ: ನನ್ನೊಳಗಿನ ಒಪ್ಪಲಾಗದ ಬಯಕೆಯನ್ನು ಎದುರಿನವನಲ್ಲಿ ಕಾಣುವುದು. ಕುಣಿಯಲಾರದವಳು ನೆಲ ಡೊಂಕು ಅಂದಳು, ಇದು ಸಮರ್ಥನೆ. ಅರ್ನೆಸ್ಟ್ ಜೋನ್ಸ್ 1908ರಲ್ಲಿ ಮನೋವಿಶ್ಲೇಷಣೆಗೆ ಈ ಪದ ತಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದ್ದು ನಿರಾಕರಣೆ. ಅತಿವಿನಯದಲ್ಲಿ ಧೂರ್ತತನ ಕಂಡವರು ಪ್ರತಿಕ್ರಿಯಾ ರಚನೆಯ ಹತ್ತಿರ ಬಂದಿದ್ದರು, ಆದರೆ ತುಸು ನಿಷ್ಠುರವಾದರು: ನಾದಿನಿಯ ಮೇಲೆ ಅಸೂಯೆ ಇದ್ದವಳು ಅವಳಿಗೆ ಅಳತೆ ಮೀರಿ ಉಪಚಾರ ಮಾಡುವಾಗ ಅದು ನಟನೆಯಲ್ಲ, ಆ ಅಸೂಯೆ ಅವಳಿಗೇ ಕಾಣಿಸುತ್ತಿಲ್ಲ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆಯ ಕಥೆ ಸ್ವಾರಸ್ಯವಾಗಿದೆ. ಇದು ಸ್ಥಾನಪಲ್ಲಟ. 1998ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಫ್ರಾಯ್ಡ್ ತಂತ್ರಗಳಿಗೆ ಪ್ರಯೋಗಾಲಯದಲ್ಲಿ ಎಷ್ಟು ಪುರಾವೆ ಸಿಕ್ಕಿದೆ ಎಂದು ಒಂದೊಂದಾಗಿ ಪರಿಶೀಲಿಸಿದರು. ನಿರಾಕರಣೆ, ಪ್ರತಿಕ್ರಿಯಾ ರಚನೆ, ಭಾವನೆಯನ್ನು ಘಟನೆಯಿಂದ ಬೇರ್ಪಡಿಸಿಡುವುದು ಈ ಮೂರಕ್ಕೆ ಒಳ್ಳೆಯ ಆಧಾರ ಸಿಕ್ಕಿತು, ಉದಾತ್ತೀಕರಣಕ್ಕೆ ಸಿಗಲಿಲ್ಲ, ಕೊತ್ತಿಯ ಗಾದೆಗೂ ಆಧಾರ ತೆಳು ಎಂದರು. ಎರಡೇ ವರ್ಷಕ್ಕೆ, 2000ದಲ್ಲಿ, ಬೇರೆ ಸಂಶೋಧಕರು ಆಕ್ರೋಶದ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ ಕೊತ್ತಿಗೆ ಪೆಟ್ಟು ಬೀಳುವುದು ನಿಜ ಎಂದು ಸಿದ್ಧವಾಯಿತು. ಜತೆಗೊಂದು ವಿವರವೂ ಸಿಕ್ಕಿತು: ಕೊತ್ತಿ ಸುಮ್ಮನಿದ್ದರೆ ಅಪಾಯ ಕಡಿಮೆ, ಚೂರು ಕಿರಿಕಿರಿ ಮಾಡಿದರೆ ಸಾಕು, ಹಳೆಯ ಬಾಕಿಯೆಲ್ಲ ಅದರ ಮೇಲೆ ಬೀಳುತ್ತದೆ.

ಮುಂಬೈಯಲ್ಲಿ ಇದರ ದಾರಿ ರೈಲಿನ ನಕ್ಷೆಯಷ್ಟೇ ಸ್ಪಷ್ಟ. ಅಂಧೇರಿಯ ಆಫೀಸಿನಲ್ಲಿ ಸಂಜೆ 5 ಗಂಟೆಗೆ ಸಾಹೇಬ ಎಲ್ಲರ ಎದುರು ಹಗುರವಾಗಿ ಮಾತಾಡುತ್ತಾನೆ. ಅಲ್ಲಿ ಬಾಯಿ ತೆರೆಯುವಂತಿಲ್ಲ, ಮನೆಯ ಇಎಂಐ ಇದೆ. ದಾದರಿನಲ್ಲಿ ಗಾಡಿ ಬದಲಿಸಿ, ಒಂದೂವರೆ ಗಂಟೆ ನೂಕುನುಗ್ಗಲಿನಲ್ಲಿ ನಿಂತು ಮನೆಗೆ ಬಂದಾಗ ಮಗ ಏಳರ ಮಗ್ಗಿಯಲ್ಲಿ ತಪ್ಪುತ್ತಾನೆ. ಬೀಳುವ ಏಟು ಏಳೆಂಟಲ ಐವತ್ತಾರಕ್ಕೆ ಸಂಬಂಧಿಸಿದ್ದಲ್ಲ. ಇಲ್ಲಿ ಹಲವರು ಹೇಳುವ ಮದ್ದು 'ಸಿಟ್ಟನ್ನು ಹೊರಗೆ ಹಾಕಿಬಿಡು, ದಿಂಬಿಗೆ ಗುದ್ದು'. ಅದು ಕೆಲಸ ಮಾಡುವುದಿಲ್ಲ. ಬ್ರ್ಯಾಡ್ ಬುಶ್‌ಮನ್ 2002ರ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನು ನೆನೆಯುತ್ತ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು ಏರಿತು. ಸುಮ್ಮನೆ ಕೂತವರೇ ಮೇಲಾಗಿದ್ದರು. ಇಳಿಯುವ ಸ್ಟೇಷನ್ನಿನ ಬೆಂಚಿನ ಮೇಲೆ ಹತ್ತು ನಿಮಿಷ ಕೂತು, 'ಸಿಟ್ಟು ಸಾಹೇಬನ ಮೇಲೆ, ಅದರ ಕೆಳಗೆ ಅವಮಾನ' ಎಂದು ಒಂದು ಸಾಲಿನಲ್ಲಿ ಹೇಳಿಕೊಂಡು ಮನೆಗೆ ನಡೆಯುವುದು ಇದಕ್ಕಿಂತ ಮೇಲು. ಮಗ್ಗಿ ಊಟದ ಮೇಲೆ.

ಹೆಸರು ಹೇಳುವುದರಲ್ಲಿ ಏನೋ ಇದೆ. ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ, ಮುಖದಲ್ಲಿ ಕಾಣುವ ಭಾವಕ್ಕೆ ಪದ ಹಚ್ಚಿದಾಗ ಮೆದುಳಿನಲ್ಲಿ ಭಯಕ್ಕೆ ಎಚ್ಚರಗೊಳ್ಳುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗುವುದನ್ನು ತೋರಿಸಿತು. ನಮ್ಮ ಕಷ್ಟವೆಂದರೆ ಈ ಊರಿನಲ್ಲಿ ಎಲ್ಲ ಭಾವನೆಗೂ ಒಂದೇ ಪದ: ಟೆನ್ಷನ್. ಸಾಲ ಟೆನ್ಷನ್, ಮಗಳ ಮದುವೆ ಟೆನ್ಷನ್, ಹೆಂಡತಿ ಮಾತಾಡದಿದ್ದರೆ ಟೆನ್ಷನ್. ಆ ಮೂಟೆಯನ್ನು ಬಿಚ್ಚಿ ಒಳಗಿರುವುದು ಹೆದರಿಕೆಯೇ, ನಾಚಿಕೆಯೇ, ಹೊಟ್ಟೆಕಿಚ್ಚೇ, ಕಸಿವಿಸಿಯೇ, ಒಂಟಿತನವೇ ಎಂದು ವಿಂಗಡಿಸುವುದು ಮೊದಲ ಕೆಲಸ.

ಊರು ಬಿಟ್ಟು ಬಂದವರಿಗೆ ಇನ್ನೊಂದು ತಂತ್ರ ವಿಶೇಷವಾಗಿ ಒದಗುತ್ತದೆ. ಊರು ಎಂಬುದು ಅಡಿಕೆ ತೋಟ, ಕೋಲ, ಮಳೆ, ಹಲಸಿನ ಹಪ್ಪಳ. ಮುಂಬೈ ಎಂಬುದು ಗಲೀಜು, ನೂಕುನುಗ್ಗಲು, ಸ್ವಾರ್ಥ. ಒಳ್ಳೆಯದನ್ನೆಲ್ಲ ಒಂದು ಕಡೆ, ಕೆಟ್ಟದ್ದನ್ನೆಲ್ಲ ಇನ್ನೊಂದು ಕಡೆ ಇಡುವುದನ್ನು ಸೀಳುವಿಕೆ ಎನ್ನುತ್ತಾರೆ. ಅದರ ಜತೆಗೆ ಕಲ್ಪನಾವಿಹಾರ: 'ರಿಟೈರ್ ಆದ ಮೇಲೆ ಊರಿಗೆ.' ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ಇಪ್ಪತ್ತು ವರ್ಷ ತೆಗೆಯಬೇಕಾದವನಿಗೆ ಈ ವಾಕ್ಯ ಅಮೃತ. ಅದನ್ನು ಕಿತ್ತುಕೊಳ್ಳುವುದು ಕ್ರೌರ್ಯ. ಆದರೆ ಮೇಲ್ಮೆಟ್ಟಿಲಿನ ಮುಂದಾಲೋಚನೆಗೂ ಇದಕ್ಕೂ ಇರುವ ಅಂತರ ಪರೀಕ್ಷಿಸುವುದು ಸುಲಭ. ಊರಿನ ಮನೆಯ ಹಂಚು ಕೊನೆಯ ಸಲ ಬದಲಾಗಿದ್ದು ಯಾವಾಗ, ಜಾಗದ ಕಾಗದ ಯಾರ ಹೆಸರಲ್ಲಿದೆ, ಹೆಂಡತಿಗೆ ಹೋಗುವ ಮನಸ್ಸಿದೆಯೇ ಎಂದು ಕೇಳಿ ನೋಡಿ. ಮುಂದಾಲೋಚನೆ ಇದ್ದವನು ಅಂಕಿಸಂಖ್ಯೆ ಹೇಳುತ್ತಾನೆ, ಚಿಂತೆಯನ್ನೂ ಹೇಳುತ್ತಾನೆ. ವಿಹಾರದಲ್ಲಿರುವವನು ಮಾತು ಬದಲಿಸುತ್ತಾನೆ, ಇಲ್ಲವೇ ರೇಗುತ್ತಾನೆ.

'ಮುಂಬೈ ಸ್ಪಿರಿಟ್' ಎಂಬುದರ ಬಗ್ಗೆಯೂ ಎರಡು ಮಾತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಬಿತ್ತು, 2006ರ ಜುಲೈ 11ರಂದು ಪಶ್ಚಿಮ ರೈಲ್ವೆಯ 7 ಗಾಡಿಗಳಲ್ಲಿ ಬಾಂಬ್ ಸ್ಫೋಟವಾಯಿತು. ಮರುದಿನ ಜನ ಅದೇ ರೈಲು ಹತ್ತಿದ್ದನ್ನು ಪತ್ರಿಕೆಗಳು ಕೊಂಡಾಡಿದವು. ಹತ್ತಿದವರಲ್ಲಿ ಧೈರ್ಯವಂತರೂ ಇದ್ದರು, ದಿನಗೂಲಿ ತಪ್ಪಿಸಲಾಗದವರೂ ಇದ್ದರು, ಏನೂ ಆಗಿಲ್ಲವೆಂಬಂತೆ ಮರಗಟ್ಟಿದವರೂ ಇದ್ದರು. ಮೂರನ್ನೂ ಒಂದೇ ಹಾರದಲ್ಲಿ ಪೋಣಿಸಿದ್ದರಿಂದ ಮೂರನೆಯವರಿಗೆ 'ನನಗೆ ಹೆದರಿಕೆಯಾಗುತ್ತಿದೆ' ಎನ್ನಲು ಜಾಗವೇ ಉಳಿಯಲಿಲ್ಲ. ನಗರವೊಂದು ತನ್ನ ನಿರಾಕರಣೆಯನ್ನು ಸದ್ಗುಣವೆಂದು ಕರೆದುಕೊಂಡರೆ ಆಗುವ ನಷ್ಟ ಇದು.

ದೇಹದ ಮೇಲೆ ನಿರಾಕರಣೆ ಕೆಲಸ ಮಾಡುವಾಗ ಮಾತ್ರ ಯಾವ ಸಹಾನುಭೂತಿಯೂ ಬೇಡ. ಎದೆ ಹಿಂಡಿದಂತಾಗಿ, ಎಡಗೈಗೋ ದವಡೆಗೋ ನೋವು ಹರಿದು, ತಣ್ಣನೆಯ ಬೆವರು ಬರುವಾಗ 'ಗ್ಯಾಸ್ ಮಾರಾಯ, ಮಧ್ಯಾಹ್ನ ವಡಾ ತಿಂದೆ' ಎಂದು ಸೋಡಾ ಕುಡಿದು ಮಲಗುವವರಿದ್ದಾರೆ. ಹೃದಯದ ಸ್ನಾಯು ಸಾಯುವುದು ನಿಮಿಷಗಳ ಲೆಕ್ಕದಲ್ಲಿ. 108ಕ್ಕೆ ಕರೆ ಮಾಡಿ, ಇಸಿಜಿ ತೆಗೆಸಿ, ಆಮೇಲೆ ಗ್ಯಾಸ್ ಎಂದು ತಿಳಿದರೆ ಎಲ್ಲರೂ ನಗೋಣ. ವಿಚಿತ್ರವೆಂದರೆ ಇದೇ ನಿರಾಕರಣೆ ಆಸ್ಪತ್ರೆಯ ಒಳಗೆ ಬೇರೆಯಾಗುತ್ತದೆ. ಹೃದಯದ ತೀವ್ರನಿಗಾ ಘಟಕದಲ್ಲಿ ಮಲಗಿ 'ನನಗೇನೂ ಆಗಲ್ಲ' ಎಂದು ನಂಬಿದ ರೋಗಿಗಳು ಆ ಕೆಲವು ದಿನಗಳನ್ನು ಹೆಚ್ಚು ನೆಮ್ಮದಿಯಿಂದ ಕಳೆಯುವುದನ್ನು ಅಮೆರಿಕದ ಮನೋವೈದ್ಯರಾದ ಹ್ಯಾಕೆಟ್ ಮತ್ತು ಕ್ಯಾಸೆಮ್ 1960ರ ದಶಕದಲ್ಲೇ ಗಮನಿಸಿದ್ದರು. ಒಂದೇ ತಂತ್ರ ಆಸ್ಪತ್ರೆಯ ಬಾಗಿಲಿನ ಹೊರಗೆ ವಿಷ, ಒಳಗೆ ಔಷಧ. ಮನೆಗೆ ಬಂದ ಮೇಲೂ ಮುಂದುವರಿದು ಮಾತ್ರೆ ಬಿಟ್ಟರೆ ಮತ್ತೆ ವಿಷ.

ತನ್ನ ತಂತ್ರ ತನಗೆ ಕಾಣದು ಎಂದಮೇಲೆ ಹಿಡಿಯುವುದು ಹೇಗೆ? ನೇರವಾಗಿ ಸಾಧ್ಯವಿಲ್ಲ, ಗೋಡೆಯ ತೇವ ನೋಡಿ ಸೋರಿಕೆ ಊಹಿಸಿದ ಹಾಗೆ ಗುರುತಿನಿಂದ ಊಹಿಸಬೇಕು. ಕಾರಣಕ್ಕಿಂತ ಸಿಟ್ಟು ದೊಡ್ಡದಾಗಿದ್ದರೆ ಅದೊಂದು ಗುರುತು. ಯಾರಾದರೂ ಕೇಳಿ ಮುಗಿಸುವ ಮೊದಲೇ ಉತ್ತರ ಬಾಯಿಗೆ ಬಂದರೆ, ಅದೂ ಪ್ರತಿ ಸಲ ಅದೇ ಪದಗಳಲ್ಲಿ ಬಂದರೆ ('ನಾನು ಅದನ್ನೆಲ್ಲ ಯಾವತ್ತೋ ಮರೆತೆ'), ಇನ್ನೊಂದು. ಒಂದು ನಿರ್ದಿಷ್ಟ ವಿಷಯ ಬಂದಾಗಲೆಲ್ಲ ಆಕಳಿಕೆ, ತುರ್ತು ಕೆಲಸ, ಮೊಬೈಲ್ ನೆನಪಾಗುವುದು ಮತ್ತೊಂದು. ಎದುರಿನವರ ಒಂದೇ ದೋಷ ಎಲ್ಲ ಕಡೆ ಕಾಣತೊಡಗಿದರೆ, ಆಫೀಸಿನಲ್ಲಿ, ಸೊಸೈಟಿ ಮೀಟಿಂಗಿನಲ್ಲಿ, ಮದುವೆ ಮನೆಯಲ್ಲಿ ಎಲ್ಲರೂ ಜಂಬದವರೇ ಎನಿಸಿದರೆ, ಆ ದೋಷದ ವಿಳಾಸ ಹತ್ತಿರದ್ದೇ ಇರಬಹುದು. ಗುರುತು ಸಿಕ್ಕಾಗ ಕೇಳಿಕೊಳ್ಳಬೇಕಾದದ್ದು 'ಹೀಗೇಕೆ ಮಾಡಿದೆ' ಎಂದಲ್ಲ. ಆ ಪ್ರಶ್ನೆಗೆ ಮನಸ್ಸು ಕೂಡಲೇ ಒಂದು ಸಮರ್ಥನೆ ತಯಾರಿಸಿ ಕೊಡುತ್ತದೆ, ಅದರಲ್ಲಿ ಅದು ನಿಪುಣ. 'ಇದಕ್ಕೆ ಎರಡು ಮೂರು ಗಂಟೆ ಮೊದಲು ಏನಾಯಿತು' ಎಂದು ಕೇಳಿಕೊಂಡರೆ ನಿಜವಾದ ಸಂಗತಿ ಸಿಗುವ ಸಂಭವ ಹೆಚ್ಚು.

ಬದಿಗಿಡುವುದು ಮೇಲ್ಮೆಟ್ಟಿಲಿನ ತಂತ್ರ ಎಂದೆ. ಆದರೆ ಬದಿಗಿಡುವುದಕ್ಕೂ ಅದುಮುವುದಕ್ಕೂ ಇರುವ ಗೆರೆ ತೆಳು. 1987ರಲ್ಲಿ ಡೇನಿಯಲ್ ವೆಗ್ನರ್, 5 ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ. ಗಂಟೆ ಮೊಳಗುತ್ತಲೇ ಇತ್ತು. ಆಮೇಲೆ 'ಈಗ ನೆನೆಯಿರಿ' ಎಂದಾಗ, ಮೊದಲಿಂದಲೂ ನೆನೆಯಲು ಅನುಮತಿ ಇದ್ದವರಿಗಿಂತ ಹೆಚ್ಚು ಸಲ ಇವರಿಗೆ ಕರಡಿ ಬಂತು. 'ಯೋಚಿಸಬಾರದು' ಎಂಬ ಆಜ್ಞೆ ಸೋಲುತ್ತದೆ, 'ಈಗಲ್ಲ, ಏಳು ಗಂಟೆಗೆ' ಎಂಬ ವಾಯಿದೆ ಗೆಲ್ಲುತ್ತದೆ. ಚಿಂತೆಗೆ ದಿನಕ್ಕೆ 30 ನಿಮಿಷ, ಒಂದೇ ಸಮಯ, ಒಂದೇ ಜಾಗ. ಹಗಲಿನಲ್ಲಿ ಚಿಂತೆ ಬಂದಾಗ ಚಿಕ್ಕ ಪುಸ್ತಕದಲ್ಲಿ ಎರಡು ಪದ ಬರೆದು ಮುಂದಿನ ಕೆಲಸಕ್ಕೆ ತಿರುಗಿ. ಸಂಜೆ ಆ ಪಟ್ಟಿ ಹಿಡಿದು ಕುರ್ಚಿಯಲ್ಲಿ ಕೂತು ಮನಸಾರೆ ಚಿಂತಿಸಿ, ಮಾಡಬಹುದಾದದ್ದು ಇದ್ದರೆ ಪಕ್ಕದಲ್ಲಿ ಗುರುತು ಹಾಕಿ, ಅರ್ಧ ಗಂಟೆಗೆ ಏಳಿ. ಇದು ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಸಮಯವನ್ನು ರಾತ್ರಿ ಹನ್ನೊಂದಕ್ಕಿಟ್ಟು ಹಾಸಿಗೆಯಲ್ಲೇ ಮಾಡಿದರೆ ಹಾಸಿಗೆಗೆ ಚಿಂತೆಯ ಅಭ್ಯಾಸವಾಗಿ ನಿದ್ದೆ ಹೋಗುತ್ತದೆ. ಎರಡನೆಯದು, ನಾಲ್ಕು ದಿನ ಹಗುರವೆನಿಸಿದ ಕೂಡಲೇ ವಾಯಿದೆ ತಪ್ಪಿಸುವುದು. ಒಮ್ಮೆ ಮಾತು ತಪ್ಪಿದರೆ ಮನಸ್ಸು ಮುಂದಿನ ಸಲ ಕಾಯುವುದಿಲ್ಲ.

ಹಳೆಯ ಗಾಯಕ್ಕೆ ಬರೆಯುವುದು ಇನ್ನೊಂದು ದಾರಿ. ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಕ್ರಮ ಸರಳ: 15 ನಿಮಿಷ, ಸತತ 4 ದಿನ, ನಡೆದದ್ದೂ ಆಗ ಅನಿಸಿದ್ದೂ ಎರಡನ್ನೂ, ಕಾಗುಣಿತ ನೋಡದೆ. ಯಾರಿಗೂ ತೋರಿಸಬೇಕಿಲ್ಲ, ಹರಿದು ಹಾಕಬಹುದು. ಒಂದೇ ಕೋಣೆಯಲ್ಲಿ ಐವರಿರುವ ಮನೆಯಲ್ಲಿ ಇದಕ್ಕೆ ಜಾಗವೆಲ್ಲಿ ಎಂಬುದು ನ್ಯಾಯವಾದ ಪ್ರಶ್ನೆ. ವಾಚನಾಲಯ, ಉದ್ಯಾನದ ಬೆಂಚು, ಕೊನೆಯ ಸ್ಟೇಷನ್ನಿನಿಂದ ಹೊರಡುವ ಖಾಲಿ ಲೋಕಲ್ ಆಗುತ್ತದೆ. ಬರೆದ ಕೂಡಲೇ ಮನಸ್ಸು ಕುಗ್ಗುತ್ತದೆ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ, ಆದ್ದರಿಂದ ಮಲಗುವ ಮುಂಚೆ ಬರೆಯುವುದು ಬೇಡ. ಸಾವು, ಅಪಘಾತವಾದ ಮೊದಲ ವಾರಗಳಲ್ಲೂ ಬೇಡ. ಅದು ತಾಡಪತ್ರಿಯ ಕಾಲ. ನಾಲ್ಕೂ ದಿನ ಒಂದೇ ದೂರನ್ನು ನಕಲು ಮಾಡಿದವರಿಗೆ ಲಾಭ ಕಡಿಮೆ. ದಿನ ಕಳೆದಂತೆ 'ಏಕೆಂದರೆ', 'ಈಗ ತಿಳಿಯುತ್ತದೆ' ಎಂಬಂಥ ಪದಗಳು ಹೆಚ್ಚಿದವರಿಗೆ ಪ್ರಯೋಜನ ಹೆಚ್ಚು ಎಂದು ಪೆನ್ನೆಬೇಕರ್ ಕಂಡುಕೊಂಡ. ಮೂರನೆಯ ದಿನವೂ ಅಂಥ ಪದ ಬಾರದಿದ್ದರೆ ಅದೇ ಘಟನೆಯನ್ನು ಅಲ್ಲಿದ್ದ ಇನ್ನೊಬ್ಬರ ಕಣ್ಣಿನಿಂದ ಬರೆದು ನೋಡಬಹುದು. ಬರೆಯುತ್ತ ಕೈ ನಡುಗತೊಡಗಿದರೆ ನಿಲ್ಲಿಸಿ ಬೇರೆ ವಿಷಯಕ್ಕೆ ಹೋಗುವುದು ಸೋಲಲ್ಲ.

ಬೇರೆಯವರ ತಂತ್ರವನ್ನು ನಾವು ಕಿತ್ತೆಸೆಯಬಹುದೇ? ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಊರಿನಿಂದ ಬಂದು ಮುಂಬೈಯ ನೆಂಟರ ಮನೆಯಲ್ಲಿ ಉಳಿಯುವ ಕುಟುಂಬಗಳಲ್ಲಿ ಈ ಪ್ರಶ್ನೆ ದಿನವೂ ಏಳುತ್ತದೆ. 'ಅಮ್ಮನಿಗೆ ಹೇಳಬೇಡಿ' ಎಂದು ಮಗ. 'ಮಗನಿಗೆ ಗೊತ್ತಾಗುವುದು ಬೇಡ' ಎಂದು ಅಮ್ಮ. ಇಬ್ಬರಿಗೂ ಗೊತ್ತು, ಇಬ್ಬರೂ ಅಡುಗೆಮನೆಯಲ್ಲಿ ಒಬ್ಬೊಬ್ಬರೇ ಅಳುತ್ತಾರೆ. ಇಲ್ಲಿ ಸತ್ಯ ಹೇಳುವುದಕ್ಕಿಂತ ಮೊದಲು ಕೇಳುವುದು ಉತ್ತಮ: 'ಅಮ್ಮ, ಡಾಕ್ಟ್ರು ಹೇಳಿದ್ದು ನಿನಗೆ ಏನು ಅಂತ ಅರ್ಥ ಆಯ್ತು?' ಆಮೇಲೆ, 'ಇನ್ನೂ ತಿಳ್ಕೊಳ್ಬೇಕು ಅಂತ ಇದೆಯಾ, ಇಷ್ಟೇ ಸಾಕಾ?' ಅವಳು ಸಾಕು ಎಂದರೆ ಸಾಕು. ಬಾಯಲ್ಲಿ 'ನನಗೇನೂ ಇಲ್ಲ' ಎನ್ನುತ್ತಲೇ ಕೀಮೋಥೆರಪಿಯ ದಿನ ಬೆಳಿಗ್ಗೆ ಆರಕ್ಕೆ ಸೀರೆ ಉಟ್ಟು ಸಿದ್ಧವಾಗಿ ಕೂತವಳ ನಿರಾಕರಣೆಯನ್ನು ಮುಟ್ಟಬೇಕಿಲ್ಲ. ಚಿಕಿತ್ಸೆಯ ದಿನವೇ ಊರಿಗೆ ಟಿಕೆಟ್ ತೆಗೆಸು ಎಂದರೆ ಮಾತ್ರ ಕೂತು ಮಾತಾಡಬೇಕು. ಆಗಲೂ 'ನೀನು ಒಪ್ಪಿಕೊಳ್ಳುತ್ತಿಲ್ಲ' ಎಂಬ ಮಾತು ಬೇಡ. ತಾಡಪತ್ರಿ ಎಳೆದಷ್ಟೂ ಒಳಗಿನವರು ಗಟ್ಟಿಯಾಗಿ ಹಿಡಿಯುತ್ತಾರೆ.

ನಿದ್ದೆ, ಹಸಿವು, ಕೆಲಸದ ಆಸಕ್ತಿ ಎರಡು ವಾರ ಮೀರಿ ಕೆಟ್ಟಿದ್ದರೆ, ಕುಡಿತ ಏರುತ್ತಿದ್ದರೆ, ಸಾಯುವ ಯೋಚನೆ ಒಮ್ಮೆ ಸುಳಿದರೂ ಸರಿ, ಪುಸ್ತಕ ಪೆನ್ನು ಬಿಟ್ಟು ಜನರ ಬಳಿ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, ಇಡೀ ದಿನ ತೆರೆದಿರುತ್ತದೆ, ಭಾಷೆ ಆಯ್ದುಕೊಳ್ಳಬಹುದು. ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ.

ಭಾಷೆಯ ಮಾತು ಬಂದದ್ದಕ್ಕೆ ಕೊನೆಯದೊಂದು. ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಟರ್ಕಿ ಮತ್ತು ಇಂಗ್ಲಿಷ್ ಎರಡೂ ಬಲ್ಲವರಿಗೆ ಚಿಕ್ಕಂದಿನ ಬೈಗುಳಗಳನ್ನು ಕೇಳಿಸಿ ಭಾವ ಕೆರಳಿದಾಗ ಏರುವ ಚರ್ಮದ ವಿದ್ಯುತ್ ವಾಹಕತೆ ಅಳೆದರು. ತಾಯ್ನುಡಿಯ ಗದರಿಕೆಗೆ ಮೈ ಹೆಚ್ಚು ಸ್ಪಂದಿಸಿತು. ಕಲಿತ ಭಾಷೆ ತಾನೇ ಒಂದು ಹೊದಿಕೆ. ನಾಲ್ಕು ಭಾಷೆಯಲ್ಲಿ ದಿನ ಕಳೆಯುವ ಮುಂಬೈ ಕನ್ನಡಿಗರಿಗೆ ಇದು ಸದಾ ಕೈಗೆಟುಕುವ ತಂತ್ರ, ಆಫೀಸಿನಲ್ಲಿ ಒಳ್ಳೆಯದೇ. 'ಮೈ ಫಾದರ್ ಎಕ್ಸ್‌ಪೈರ್ಡ್' ಎಂದು ಹತ್ತು ಜನರಿಗೆ ನಿರಾಳವಾಗಿ ಹೇಳಿ ರಜೆಯ ಅರ್ಜಿ ತುಂಬಿದವನಿಗೆ 'ಅಪ್ಪ ಇಲ್ಲ' ಎಂಬ ಎರಡು ಪದ ಆರು ತಿಂಗಳಾದರೂ ಬಾಯಿಂದ ಹೊರಟಿರುವುದಿಲ್ಲ. ಕೌನ್ಸೆಲರ್ ಹತ್ತಿರ ಹೋದಾಗ ವಿವರವೆಲ್ಲ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿ. ಗಂಟಲಲ್ಲಿ ಸಿಕ್ಕಿಕೊಂಡ ಆ ಒಂದು ವಾಕ್ಯವನ್ನು ಮಾತ್ರ ಮನೆಯ ಮಾತಿನಲ್ಲಿ, ಕನ್ನಡವೋ ತುಳುವೋ ಕೊಂಕಣಿಯೋ, ಮೊದಲು ಹೇಳಿ. ಕೇಳುವವರಿಗೆ ಬಾರದ ಭಾಷೆಯಾದರೂ ಪರವಾಗಿಲ್ಲ. ಅರ್ಥ ಆಮೇಲೆ ಹೇಳಿದರಾಯಿತು.